ಹೊಟ್ಟೆಯಲ್ಲಿ ಮಗು ಬೆಳೀತಿಲ್ಲ, ಹೆರಿಗೆ ಬೇಗ ಆಗಬಹುದು: ಡಾಪ್ಲರ್ ರಿಪೋರ್ಟ್ ಓದೋದು ಹೇಗೆ?

[ತೆರೆಯ ಮೇಲೆ: ಸ್ಕ್ಯಾನ್ ರಿಪೋರ್ಟ್. ತೂಕದ ಸಾಲಿನಿಂದ ಡಾಪ್ಲರ್ ಸಾಲಿಗೆ ಕ್ಯಾಮೆರಾ ಇಳಿಯುತ್ತೆ]

ರಿಪೋರ್ಟಲ್ಲಿ ಎಫ್‌ಜಿಆರ್ ಅಥವಾ ಐಯುಜಿಆರ್ (ಹೊಟ್ಟೆಯಲ್ಲಿ ಮಗುವಿನ ಬೆಳವಣಿಗೆ ಕುಂಠಿತ) ಅಂತ ಇದ್ದರೆ ಎಲ್ಲರ ಕಣ್ಣು ಮೊದಲು ಹೋಗೋದು ಮಗುವಿನ ತೂಕದ ಮೇಲೆ. ಆ ತೂಕ ಅಂದಾಜು ಮಾತ್ರ, ಶೇ. 10ರಿಂದ 15ರಷ್ಟು ಹೆಚ್ಚುಕಡಿಮೆ ಇರಬಹುದು. ಅದಕ್ಕೇ ಸಾಮಾನ್ಯವಾಗಿ ಎರಡು ವಾರ ಬಿಟ್ಟು ಮತ್ತೆ ಅಳೀತಾರೆ. 10ನೇ ಪರ್ಸೆಂಟೈಲ್‌ಗಿಂತ ಕೆಳಗಿರೋ, ಅಂದರೆ ಅದೇ ವಾರದ ನೂರು ಮಕ್ಕಳಲ್ಲಿ ತೂಕದಲ್ಲಿ ಕೊನೆಯ ಹತ್ತರಲ್ಲಿರೋ ಎಲ್ಲ ಮಕ್ಕಳಿಗೂ ತೊಂದರೆ ಇರಲ್ಲ, ಕೆಲವು ಸಹಜವಾಗಿಯೇ ಚಿಕ್ಕವು. 3ನೇ ಪರ್ಸೆಂಟೈಲ್‌ಗಿಂತ ಕೆಳಗಿದ್ದರೆ ಅಥವಾ ಡಾಪ್ಲರ್ (ರಕ್ತದ ಹರಿವು ತೋರಿಸೋ ಸ್ಕ್ಯಾನ್) ಕೆಟ್ಟಿದ್ದರೆ ಮಾತು ಬೇರೆ.

[ಅನಿಮೇಷನ್: ಹೊಕ್ಕುಳಬಳ್ಳಿಯ ರಕ್ತನಾಳ, ಅಲೆಯಂಥ ಗ್ರಾಫ್]

ಮಗುವಿನ ಹೃದಯ ಬಡಿದಾಗ ರಕ್ತ ಹೊಕ್ಕುಳಬಳ್ಳಿಯಲ್ಲಿ ಪ್ಲಾಸೆಂಟಾ (ಮಾಸು) ಕಡೆಗೆ ಹೋಗುತ್ತೆ. ಎರಡು ಬಡಿತದ ನಡುವೆಯೂ ಹರೀತಾನೇ ಇರಬೇಕು. ಪ್ಲಾಸೆಂಟಾದ ಸಣ್ಣ ನಾಳಗಳು ಹಾಳಾದಷ್ಟೂ ತಡೆ ಜಾಸ್ತಿ. ಮೊದಲು ನಡುವಿನ ಹರಿವು ಕಡಿಮೆಯಾಗುತ್ತೆ, ಆಮೇಲೆ ನಿಲ್ಲುತ್ತೆ: ರಿಪೋರ್ಟಲ್ಲಿ ಎಇಡಿಎಫ್. ಕೊನೆಗೆ ಹಿಮ್ಮುಖವಾಗುತ್ತೆ: ಆರ್‌ಇಡಿಎಫ್. ಸಿಗೋ ಸ್ವಲ್ಪ ಆಮ್ಲಜನಕವನ್ನ ಮಗು ಮಿದುಳಿಗೆ ಮೀಸಲಿಡುತ್ತೆ. ಎಷ್ಟೋ ಸಲ ತಲೆಯ ಅಳತೆ ಸರಿಯಿದ್ದು ಹೊಟ್ಟೆಯ ಸುತ್ತಳತೆ ಹಿಂದೆ ಬೀಳೋದು ಇದರಿಂದಲೇ.

ಎಇಡಿಎಫ್ ಇದ್ದರೆ ಸಾಮಾನ್ಯವಾಗಿ 32ರಿಂದ 34 ವಾರದೊಳಗೆ, ಆರ್‌ಇಡಿಎಫ್ ಇದ್ದರೆ 30ರಿಂದ 32 ವಾರದೊಳಗೆ ಹೆರಿಗೆ ಮಾಡಿಸ್ತಾರೆ. ಮಗುವಿನ ಹೃದಯ ಬಡಿತ ಕೆಟ್ಟರೆ ಅಥವಾ ತಾಯಿಯ ಬಿಪಿ ಕೈಮೀರಿದರೆ ಅದಕ್ಕೂ ಮೊದಲೇ. ಇಂಥ ಮಗು ಹೆರಿಗೆ ನೋವಿನ ಒತ್ತಡ ತಾಳೋದು ಕಷ್ಟ, ಆದ್ದರಿಂದ ಹೆಚ್ಚಾಗಿ ಸಿಸೇರಿಯನ್.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ದಿನವಿಡೀ ಮಲಗಿದರೆ, ಜಾಸ್ತಿ ತಿಂದರೆ, ಪ್ರೋಟೀನ್ ಪುಡಿ ಕುಡಿದರೆ ಹಾಳಾದ ಪ್ಲಾಸೆಂಟಾ ಸರಿಹೋಗಲ್ಲ. ‘ನೀನು ಸರಿಯಾಗಿ ಉಣ್ಣಲಿಲ್ಲ’ ಅಂತ ತಾಯಿಯನ್ನ ದೂರೋದು ದಯವಿಟ್ಟು ಬಿಡಿ.

[ತೆರೆಯ ಮೇಲೆ: ಇಂಜೆಕ್ಷನ್, ಗಡಿಯಾರ]

ಕೈಯಲ್ಲಿರೋ ದಿನಗಳಲ್ಲಿ ಮಾಡಬೇಕಾದ್ದು ಇದೆ. ಶ್ವಾಸಕೋಶ ಬಲಿಯೋಕೆ ಸ್ಟೀರಾಯ್ಡ್: ಬೀಟಾಮೆಥಸೋನ್ 12 ಮಿ.ಗ್ರಾಂ, 24 ಗಂಟೆ ಅಂತರದಲ್ಲಿ ಎರಡು ಸಲ. ಇಲ್ಲವೇ ಡೆಕ್ಸಾಮೆಥಸೋನ್ 6 ಮಿ.ಗ್ರಾಂ, 12 ಗಂಟೆಗೊಮ್ಮೆ ನಾಲ್ಕು ಸಲ. ಪೂರ್ತಿ ಫಲ ಸಿಗೋದು ಒಂದು ದಿನದಿಂದ ಏಳು ದಿನದೊಳಗೆ ಹೆರಿಗೆಯಾದರೆ, ಹಾಗಾಗಿ ತೀರಾ ಮುಂಚೆಯೂ ಕೊಡಲ್ಲ. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ ಶುಗರ್ ಏರುತ್ತೆ, ಮೊದಲೇ ಹೇಳಿಡಿ. 32 ವಾರಕ್ಕೆ ಮುಂಚೆ ಹೆರಿಗೆಯಾಗೋದಾದರೆ ಮಿದುಳಿನ ರಕ್ಷಣೆಗೆ ಮೆಗ್ನೀಸಿಯಂ ಸಲ್ಫೇಟ್ ಕೂಡ ಕೊಡ್ತಾರೆ. ಆಸ್ಪತ್ರೆಯಲ್ಲಿ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇಲ್ಲದಿದ್ದರೆ ಹೆರಿಗೆಗೆ ಮೊದಲೇ ಜಾಗ ಬದಲಾಯಿಸಿ. ಹುಟ್ಟಿದ ಮೇಲೆ ಮಗುವನ್ನ ಸಾಗಿಸೋದಕ್ಕಿಂತ ಅದು ಎಷ್ಟೋ ಸುರಕ್ಷಿತ.

ಮಗುವಿನ ಓಡಾಟ ಕಡಿಮೆಯಾದರೆ, ತೀವ್ರ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಅಥವಾ ರಕ್ತಸ್ರಾವ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ.

[ಅನಿಮೇಷನ್: ಪ್ಲಾಸ್ಟಿಕ್ ಹೊದಿಕೆಯಲ್ಲಿ ಪುಟ್ಟ ಮಗು]

32 ವಾರಕ್ಕೆ ಮುಂಚೆ ಹುಟ್ಟಿದ ಮಗುವನ್ನ ಒರೆಸದೆಯೇ ಕುತ್ತಿಗೆವರೆಗೆ ಶುದ್ಧ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿ ಕಾಪಾಡ್ತಾರೆ. ನೋಡಿ ಗಾಬರಿಯಾಗಬೇಡಿ. ಮೈಯಲ್ಲಿ ಕೊಬ್ಬಿಲ್ಲ, ಪಿತ್ತಜನಕಾಂಗದಲ್ಲಿ ಸಕ್ಕರೆ ಸಂಗ್ರಹವೂ ಕಡಿಮೆ. ಮೈ ತಣ್ಣಗಾದರೆ ಶುಗರ್ ಬೇಗ ಕುಸಿಯುತ್ತೆ. ಹಿಮ್ಮಡಿ ಚುಚ್ಚಿ ಮತ್ತೆ ಮತ್ತೆ ಪರೀಕ್ಷಿಸೋದು ಅದಕ್ಕೇ.

ಕರುಳಿಗೂ ರಕ್ತ ಕಡಿಮೆ ಸಿಕ್ಕಿರೋದರಿಂದ ಹಾಲನ್ನ ನಿಧಾನವಾಗಿ ಏರಿಸ್ತಾರೆ. ಅವಸರ ಮಾಡಿದರೆ ಎನ್‌ಇಸಿ ಅನ್ನೋ ಕರುಳಿನ ಕಾಯಿಲೆಯ ಭಯ. ತಾಯಿಯ ಹಾಲೇ ಇದಕ್ಕೆ ದೊಡ್ಡ ರಕ್ಷಣೆ. ಸಾಧ್ಯವಾದಷ್ಟು ಬೇಗ, ಹೆರಿಗೆಯಾದ ಆರು ಗಂಟೆಯೊಳಗೆ, ಕೈಯಿಂದ ಹಿಂಡೋಕೆ ಶುರುಮಾಡಿ. ದಿನಕ್ಕೆ 8ರಿಂದ 10 ಸಲ, ರಾತ್ರಿಯೂ. ಮೊದಲ ದಿನ ಹನಿಗಳಷ್ಟೇ ಬಂದರೂ ಸಿರಿಂಜ್‌ನಲ್ಲಿ ಹಿಡಿದು ಕೊಡಿ.

ಹೀರೋದು, ನುಂಗೋದು, ಉಸಿರಾಡೋದು ಒಟ್ಟಿಗೆ ಹೊಂದೋದು ಸುಮಾರು 34 ವಾರಕ್ಕೆ, ಅಲ್ಲಿವರೆಗೆ ಹಾಲು ಟ್ಯೂಬಲ್ಲಿ. ಕಣ್ಣಿನ ಆರ್‌ಒಪಿ (ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ರೆಟಿನಾ ತೊಂದರೆ) ಪರೀಕ್ಷೆ ಯಾವ ತಾರೀಕಿಗೆ ಅಂತ ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ಮಗು ಚೆನ್ನಾಗೇ ಕಾಣ್ತಿದೆ ಅಂತ ಅದನ್ನ ತಪ್ಪಿಸಬೇಡಿ. ಸಮಯಕ್ಕೆ ಚಿಕಿತ್ಸೆ ಸಿಗದಿದ್ದರೆ ದೃಷ್ಟಿಯೇ ಹೋಗಬಹುದು.