ಅಳಿಸಬೇಡಿ, ದೂರು ಕೊಡಿ

ಕೇಳುಗರಿಗೆ ನಮಸ್ಕಾರ.

ನಿಮ್ಮ ಮನೆಯ ಹೆಣ್ಣುಮಗಳ ಮುಖವನ್ನು ಯಾರೋ ವಿಡಿಯೊದಲ್ಲೋ ಫೋಟೊದಲ್ಲೋ ಬೇರೊಬ್ಬರ ಮೈಗೆ ಅಂಟಿಸಿ ಜಾಲತಾಣದಲ್ಲಿ ಹರಿಬಿಟ್ಟರು ಅಂದುಕೊಳ್ಳಿ. ಮನೆಯವರು ಮೊದಲು ಮಾಡುವುದೇನು? ಗಾಬರಿಯಲ್ಲಿ ಅದನ್ನು ಅಳಿಸುವುದು. ಆಮೇಲೆ ಮಗಳನ್ನೇ ಬೈಯುವುದು. ದಯವಿಟ್ಟು ಎರಡನ್ನೂ ಮಾಡಬೇಡಿ. ಅಳಿಸಬೇಡಿ, ದೂರು ಕೊಡಿ. ನಾನು ಹೇಳಲು ಬಂದಿರುವುದು ಇಷ್ಟೇ.

ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಪ್ರಕರಣ ನೆನಪಿದೆಯಲ್ಲ? 2023ರ ನವೆಂಬರ್. ಕಪ್ಪು ಉಡುಪಿನ ಹೆಂಗಸೊಬ್ಬರು ಲಿಫ್ಟಿನೊಳಗೆ ಬರುವ ವಿಡಿಯೊ ಎಲ್ಲೆಡೆ ಹರಿದಾಡಿತು. ನಿಧಾನವಾಗಿ ನೋಡಿದರೆ ಗೊತ್ತಾಗುತ್ತದೆ, ಬಾಗಿಲ ಬಳಿ ಇದ್ದ ಮುಖವೇ ಬೇರೆ, ಒಳಗೆ ಬರುವಷ್ಟರಲ್ಲಿ ಅದು ರಶ್ಮಿಕಾ ಮುಖ! ಆದರೆ ನಿಧಾನವಾಗಿ ನೋಡುವವರು ಯಾರು? ಮೂಲ ವಿಡಿಯೊದಲ್ಲಿ ಇದ್ದವರು ಬ್ರಿಟನ್ನಿನಲ್ಲಿರುವ ಭಾರತೀಯ ಮೂಲದ ಮಹಿಳೆ. ಮುಖದ ಒಡತಿಗೂ ಅನ್ಯಾಯ, ಮೈಯ ಒಡತಿಗೂ ಅನ್ಯಾಯ.

ರಶ್ಮಿಕಾ ಬಾಯಿ ಮುಚ್ಚಿ ಕೂರಲಿಲ್ಲ. ಶಾಲೆ, ಕಾಲೇಜಿನಲ್ಲಿ ಇದ್ದಾಗ ಹೀಗಾಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಊಹಿಸಲೂ ಆಗದು ಎಂದು ಬಹಿರಂಗವಾಗಿಯೇ ಹೇಳಿದರು. ದೆಹಲಿ ಪೊಲೀಸರು ಪ್ರಕರಣ ದಾಖಲಿಸಿ, 2024ರ ಜನವರಿಯಲ್ಲಿ ಆಂಧ್ರದ ಯುವಕನೊಬ್ಬನನ್ನು ಬಂಧಿಸಿದರು. ಓದಿದ್ದು ಎಂಜಿನಿಯರಿಂಗ್. ಪೊಲೀಸರ ಪ್ರಕಾರ ಅವನು ಆಕೆಯ ಅಭಿಮಾನಿ ಪುಟ ನಡೆಸುತ್ತಿದ್ದ, ಫಾಲೋವರ್ಸ್ ಹೆಚ್ಚಲಿ ಎಂದು ಹೀಗೆ ಮಾಡಿದ. ಗದ್ದಲ ಎದ್ದ ಮೇಲೆ ಹೆದರಿ ವಿಡಿಯೊ ಅಳಿಸಿದ, ಪುಟದ ಹೆಸರನ್ನೂ ಬದಲಿಸಿದ. ಅಳಿಸಿದ್ದನ್ನೂ ಪೊಲೀಸರು ಹೊರತೆಗೆದರು. ನೋಡಿ, ಅಳಿಸಿ ಬಚಾವಾಗಲು ನೋಡುವುದು ತಪ್ಪು ಮಾಡಿದವನ ಕೆಲಸ. ನಿಮಗೇಕೆ ಅದು?

ಸಮಯ ಕಡಿಮೆ ಇದೆ, ಕಾನೂನಿನ ಮಾತು ಬೇಗ ಹೇಳುತ್ತೇನೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮಿನಡಿ ಲೈಂಗಿಕ ದೃಶ್ಯ ಹರಡಿದವನಿಗೆ ಮೊದಲ ಸಲವೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ತಯಾರಿಸಿದವನಿಗಷ್ಟೇ ಅಲ್ಲ, ಫಾರ್ವರ್ಡ್ ಮಾಡಿದವನಿಗೂ. ‘ಇದು ನಿಮ್ಮ ಹುಡುಗೀನಾ ನೋಡಿ’ ಎಂದು ನೆಂಟರಿಗೆ ಕಳಿಸುವ ಮಹನೀಯರು ಇದನ್ನು ಕಿವಿಗೊಟ್ಟು ಕೇಳಬೇಕು. ತಿರುಚಿದ ಇಂಥ ಚಿತ್ರದ ಬಗ್ಗೆ ದೂರು ಬಂದರೆ ಜಾಲತಾಣ ನಡೆಸುವ ಕಂಪನಿ 24 ಗಂಟೆಯೊಳಗೆ ತೆಗೆಯಬೇಕೆಂಬ ನಿಯಮ 2021ರಲ್ಲೇ ಬಂದಿತ್ತು; 2026ರ ಫೆಬ್ರುವರಿಯಿಂದ ಆ ಗಡುವು 2 ಗಂಟೆಗೆ ಇಳಿದಿದೆ.

ಹಾಗಾಗಿ ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಲಿಂಕ್, ಕಳಿಸಿದ ನಂಬರು, ದಿನಾಂಕ, ಸಮಯ ಬರೆದಿಡಿ. ಆಮೇಲೆ ಹತ್ತಿರದ ಠಾಣೆಗೆ ಹೋಗಿ, ಇಲ್ಲವೇ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ದೂರು ಬರೆಯಿರಿ. ಹೆಣ್ಣುಮಕ್ಕಳ, ಮಕ್ಕಳ ಅಶ್ಲೀಲ ಚಿತ್ರಗಳ ವಿಷಯದಲ್ಲಿ ಹೆಸರು ಹೇಳದೆಯೂ ಅಲ್ಲಿ ದೂರು ಕೊಡಬಹುದು.

ನಮಸ್ಕಾರ.