ಗಣಿಯೂರಿನ ತಂಡಕ್ಕೆ ಸಿಕ್ಕ ಬಡ್ತಿ

ಕೇಳುಗರಿಗೆ ನಮಸ್ಕಾರ.

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಬೆಳೆದವರಿಗೆ ಫುಟ್‌ಬಾಲ್ ಹೊರಗಿನ ಆಟವಲ್ಲ. ಮೊದಲ ಶಿಫ್ಟು ಮುಗಿಸಿ ಮೇಲೆ ಬಂದವರು ಸಂಜೆಯ ಹೊತ್ತಿಗೆ ಸಯನೈಡ್ ದಿಬ್ಬದ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಗುಡ್ಡದ, ಪಕ್ಕದ ಬಯಲಿನಲ್ಲಿ ಚೆಂಡು ಒದೆಯುತ್ತಿದ್ದುದನ್ನು ನೋಡುತ್ತಲೇ ನಾನು ದೊಡ್ಡವನಾದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ಹುಡುಕಿ ಬೆಂಗಳೂರಿನ ರೈಲು ಹತ್ತುವ ಊರಾಯಿತು ನಮ್ಮದು. ಆದ್ದರಿಂದಲೇ ಇರಬೇಕು, ವೇಲ್ಸ್ ದೇಶದ ರೆಕ್ಸ್‌ಹ್ಯಾಮ್ ಎಂಬ ಕಲ್ಲಿದ್ದಲು ಸೀಮೆಯ ಊರಿನ ತಂಡವೊಂದು 15 ವರ್ಷ ಕೆಳಗೆ ಬಿದ್ದಿದ್ದು 2023ರಲ್ಲಿ ಮೇಲೆದ್ದ ಸಂಗತಿ ನನಗೆ ಬರೀ ಕ್ರೀಡಾಪುಟದ ಸುದ್ದಿಯಾಗಿ ಉಳಿಯಲಿಲ್ಲ.

ಬಡ್ತಿ ಎಂಬ ಮಾತನ್ನು ನಾವು ಹೆಚ್ಚಾಗಿ ಕಚೇರಿಯ ನೌಕರರಿಗೆ ಬಳಸುತ್ತೇವೆ. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಅದು ಇಡೀ ತಂಡಕ್ಕೆ ಸಿಗುವಂಥದ್ದು, ಹಿಂಬಡ್ತಿಯೂ ಹಾಗೆಯೇ. ಅಲ್ಲಿನ ಲೀಗ್‌ಗಳು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದಂತಿವೆ. ಮೇಲಿನ ನಾಲ್ಕು ಮೆಟ್ಟಿಲಿನ ಕೆಳಗೆ ಐದನೆಯದಾಗಿ ನ್ಯಾಷನಲ್ ಲೀಗ್ ಇದೆ. ಅದರಲ್ಲಿ 24 ತಂಡಗಳು, ಒಂದೊಂದಕ್ಕೂ 46 ಪಂದ್ಯಗಳು. ಇಷ್ಟೆಲ್ಲ ಆಡಿದ ಮೇಲೆ ಮೊದಲ ಸ್ಥಾನ ಪಡೆದ ಒಂದೇ ತಂಡ ನೇರವಾಗಿ ಮೇಲೆ ಹೋಗುತ್ತದೆ. ಎರಡನೆಯ ಸ್ಥಾನದಿಂದ ಏಳನೆಯ ಸ್ಥಾನದವರೆಗಿನವರು ಪ್ಲೇ-ಆಫ್ ಎಂಬ ನಾಕೌಟ್ ಪಂದ್ಯಗಳನ್ನು ಆಡಬೇಕು, ಅವರಲ್ಲಿ ಒಬ್ಬರಿಗೆ ಮಾತ್ರ ಅವಕಾಶ. 1987ಕ್ಕೆ ಮೊದಲು ಇಷ್ಟೂ ಇರಲಿಲ್ಲ. ಕೆಳಗಿನ ತಂಡವನ್ನು ಒಳಗೆ ಬಿಟ್ಟುಕೊಳ್ಳಬೇಕೇ ಬೇಡವೇ ಎಂಬುದನ್ನು ಮೇಲಿನವರೇ ಮತ ಹಾಕಿ ತೀರ್ಮಾನಿಸುತ್ತಿದ್ದರು. ಒಳಗೆ ಕುಳಿತವರ ಕೈಗೇ ಬಾಗಿಲಿನ ಚಿಲಕ ಕೊಟ್ಟರೆ ಅದು ಎಷ್ಟು ಸಲ ತೆರೆದೀತು ಎಂಬುದನ್ನು ನೀವೇ ಊಹಿಸಬಹುದು.

ವೇಲ್ಸಿನದಾದರೂ ಇಂಗ್ಲೆಂಡಿನ ಲೀಗ್‌ಗಳಲ್ಲೇ ಆಡುವ ರೆಕ್ಸ್‌ಹ್ಯಾಮ್ ತಂಡ ಹುಟ್ಟಿದ್ದು 1864ರಲ್ಲಿ. ಅದರ ಮೈದಾನ ರೇಸ್‌ಕೋರ್ಸ್. ಊರಿನ ಹತ್ತಿರದ ಗ್ರೆಸ್‌ಫರ್ಡ್ ಗಣಿಯಲ್ಲಿ 1934ರ ಸೆಪ್ಟೆಂಬರ್ 22ರ ನಸುಕಿಗೆ ಮುಂಚೆ ಸ್ಫೋಟವಾಗಿ 266 ಜನ ಸತ್ತರು. ಅಂದು ಶನಿವಾರ. ಮಧ್ಯಾಹ್ನ ಟ್ರಾನ್‌ಮಿಯರ್ ತಂಡದೊಡನೆ ರೆಕ್ಸ್‌ಹ್ಯಾಮ್ ಪಂದ್ಯವಿತ್ತು. ಅದನ್ನು ನೋಡಲು ಬಿಡುವಾಗಲೆಂದು ಎಷ್ಟೋ ಜನ ಶಿಫ್ಟು ಅದಲು ಬದಲು ಮಾಡಿಕೊಂಡು ಆ ರಾತ್ರಿ ಕೆಳಗೆ ಇಳಿದಿದ್ದರು. ಹೆಚ್ಚಿನವರ ದೇಹಗಳನ್ನು ಮೇಲೆ ತರಲು ಸಾಧ್ಯವೇ ಆಗಲಿಲ್ಲ. ಆ ಭಾಗವನ್ನು ಹಾಗೆಯೇ ಮುಚ್ಚಿಬಿಟ್ಟರು. ಕೋಲಾರದ ಚಾಂಪಿಯನ್ ರೀಫ್ಸ್ ಗಣಿಯ ಆಳದಲ್ಲಿ ಬಂಡೆ ಸಿಡಿದ ದಿನಗಳ ನೆನಪಿರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಶಿಫ್ಟು ಬದಲಿಸಿಕೊಳ್ಳುವುದೆಂದರೇನು ಎಂದು ಆ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಾಲದ ಹೊರೆಯಲ್ಲಿ ನಲುಗಿದ ತಂಡ 2008ರಲ್ಲಿ ನಾಲ್ಕನೆಯ ಮೆಟ್ಟಿಲಿನಿಂದ ಕೆಳಗೆ ಬಿತ್ತು. 2011ರಲ್ಲಿ ಅದು ಮುಳುಗಿಯೇ ಹೋಗುವ ಸ್ಥಿತಿಗೆ ಬಂದಾಗ ಅಭಿಮಾನಿಗಳು ಒಂದೇ ದಿನದಲ್ಲಿ 1 ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿಸಿದರು. ಅನಂತರ ಅವರದೇ ಟ್ರಸ್ಟ್ ತಂಡವನ್ನು ಸುಮಾರು ಹತ್ತು ವರ್ಷ ನಡೆಸಿತು. 2011-12ರಲ್ಲಿ 98 ಅಂಕ ಗಳಿಸಿದರೂ ಎರಡನೆಯ ಸ್ಥಾನವೇ ಗತಿಯಾಯಿತು. 2021ರಲ್ಲಿ ರಯಾನ್ ರೆನಾಲ್ಡ್ಸ್ ಮತ್ತು ರಾಬ್ ಮ್ಯಾಕೆಲ್ಹೆನ್ನಿ ಎಂಬ ಇಬ್ಬರು ನಟರು ತಂಡವನ್ನು ಕೊಂಡರು. ಆ ಕಥೆ ಲೋಕಕ್ಕೆಲ್ಲ ಗೊತ್ತು. ಅವರ ಹಣವಿಲ್ಲದೆ ಈ ಬಡ್ತಿ ಸಿಗುತ್ತಿರಲಿಲ್ಲ ಎಂಬುದು ನಿಜ. ಆದರೆ ಕೊಳ್ಳುವುದಕ್ಕೆ ಒಂದು ತಂಡ ಉಳಿದಿತ್ತಲ್ಲ, ಅದನ್ನು ಉಳಿಸಿದವರು ಟಿಕೆಟ್ ಕೊಂಡು ನಿಂತು ನೋಡುತ್ತಿದ್ದ ಜನ.

ಇನ್ನು 2022-23ರ ಋತು. ಫಿಲ್ ಪಾರ್ಕಿನ್ಸನ್ ತರಬೇತಿಯ ರೆಕ್ಸ್‌ಹ್ಯಾಮ್‌ಗೆ ಎದುರಾಗಿ ನಿಂತದ್ದು ನಾಟ್ಸ್ ಕೌಂಟಿ ತಂಡ. ರೆಕ್ಸ್‌ಹ್ಯಾಮ್‌ನ ಪಾಲ್ ಮಲಿನ್ 38 ಗೋಲು ಹೊಡೆದರೆ ನಾಟ್ಸ್‌ನ ಮೆಕಾಲೆ ಲ್ಯಾಂಗ್‌ಸ್ಟಾಫ್ 42 ಹೊಡೆದರು. ಏಪ್ರಿಲ್ 10ರಂದು ಎರಡೂ ತಂಡಗಳು ರೇಸ್‌ಕೋರ್ಸ್ ಮೈದಾನದಲ್ಲಿ ಮುಖಾಮುಖಿಯಾದಾಗ ಇಬ್ಬರ ಬಳಿಯೂ ಸರಿಯಾಗಿ 100 ಅಂಕಗಳಿದ್ದವು. ಆ ಪಂದ್ಯವನ್ನು ನಾನು ಮೊಬೈಲಿನಲ್ಲಿ ಮೂರು ಸಲ ನೋಡಿದ್ದೇನೆ. ರೆಕ್ಸ್‌ಹ್ಯಾಮ್ 3-2ರಿಂದ ಮುಂದಿದೆ. ನಿಗದಿತ ಸಮಯ ಮುಗಿದು ಹೆಚ್ಚುವರಿ ನಿಮಿಷಗಳು ನಡೆಯುತ್ತಿವೆ. ಆಗ ನಾಟ್ಸ್‌ಗೆ ಪೆನಾಲ್ಟಿ. ಗೋಲಿನಲ್ಲಿ ನಿಂತವರು ಬೆನ್ ಫಾಸ್ಟರ್, ಏಳು ದಿನದ ಹಿಂದಷ್ಟೇ 40 ತುಂಬಿದವರು. ನಿವೃತ್ತರಾಗಿದ್ದ ಅವರನ್ನು, ಗೋಲ್‌ಕೀಪರ್ ಗಾಯಗೊಂಡ ಕಾರಣ, ಮಾರ್ಚಿನಲ್ಲಿ ಮನೆಯಿಂದ ಕರೆಸಿದ್ದರು. ಪೆನಾಲ್ಟಿಯನ್ನು ಒದ್ದದ್ದು ಸೆಡ್ವಿನ್ ಸ್ಕಾಟ್. ಆ ಹೆಸರನ್ನು ನಾನು ಮೊದಲ ಸಲ ಸೆಡ್ರಿಕ್ ಎಂದು ತಪ್ಪಾಗಿ ಕೇಳಿಸಿಕೊಂಡಿದ್ದೆ. ಫಾಸ್ಟರ್ ಹಾರಿ ಚೆಂಡನ್ನು ಕೈಯಿಂದ ತಳ್ಳಿದರು. ಮೈದಾನದ ಕೂಗಿಗೆ ನನ್ನ ಅಗ್ಗದ ಫೋನಿನ ಸ್ಪೀಕರ್ ಗೊರಗೊರ ಎಂದಿತು.

ಏಪ್ರಿಲ್ 22ರಂದು ಬೋರ್‌ಹ್ಯಾಮ್ ವುಡ್ ತಂಡ ಮೊದಲ ನಿಮಿಷದಲ್ಲೇ ಗೋಲು ಹೊಡೆದು ಎಲ್ಲರ ಎದೆ ನಡುಗಿಸಿತಾದರೂ ರೆಕ್ಸ್‌ಹ್ಯಾಮ್ 3-1ರಿಂದ ಗೆದ್ದು ಬಡ್ತಿ ಪಡೆಯಿತು. ಋತು ಮುಗಿದಾಗ ಅದರ ಅಂಕ 111. ಇಂಗ್ಲೆಂಡಿನ ಮೇಲಿನ ಐದು ಮೆಟ್ಟಿಲುಗಳಲ್ಲಿ ಅಷ್ಟು ಅಂಕವನ್ನು ಅಲ್ಲಿಯವರೆಗೆ ಯಾವ ತಂಡವೂ ಗಳಿಸಿರಲಿಲ್ಲ. ನಾಟ್ಸ್ ಕೌಂಟಿಯ ಅಂಕ 107. ಎರಡೂ ತಂಡಗಳು ಸೋತದ್ದು ತಲಾ ಮೂರೇ ಪಂದ್ಯ. ಗೋಲುಗಳ ಲೆಕ್ಕದಲ್ಲಂತೂ 117 ಹೊಡೆದ ನಾಟ್ಸ್, ರೆಕ್ಸ್‌ಹ್ಯಾಮ್‌ಗಿಂತ ಒಂದು ಹೆಚ್ಚೇ. ಆದರೂ ಅದು ಪ್ಲೇ-ಆಫ್ ಸಾಲಿನಲ್ಲಿ ನಿಲ್ಲಬೇಕಾಯಿತು. ಲಂಡನ್ನಿನ ವೆಂಬ್ಲಿ ಮೈದಾನದ ಪ್ಲೇ-ಆಫ್ ಫೈನಲ್‌ನಲ್ಲಿ ಅದಕ್ಕೆ ಎದುರಾದ ಚೆಸ್ಟರ್‌ಫೀಲ್ಡ್ ಲೀಗಿನಲ್ಲಿ ಗಳಿಸಿದ್ದು 84 ಅಂಕ, ಅಂದರೆ 23 ಅಂಕ ಕಡಿಮೆ. ಆ ಒಂದು ಪಂದ್ಯ ಗೆದ್ದಿದ್ದರೆ ಮೇಲೆ ಹೋಗುತ್ತಿದ್ದವರು ಚೆಸ್ಟರ್‌ಫೀಲ್ಡಿನವರು. ಬಡ್ತಿಯ ದಾರಿಯನ್ನು ಇನ್ನೊಂದು ತಂಡಕ್ಕಾದರೂ ಅಗಲಿಸಿ ಎಂದು ಕೆಳಗಿನ ಕ್ಲಬ್ಬುಗಳು ಕೇಳುತ್ತಿರುವುದರಲ್ಲಿ ನನಗೆ ಯಾವ ಅತಿಯಾಸೆಯೂ ಕಾಣುವುದಿಲ್ಲ.

ವೆಂಬ್ಲಿಯ ಆ ಪಂದ್ಯ 2-2ರಲ್ಲಿ ಸಮವಾಗಿ ಪೆನಾಲ್ಟಿಗೆ ಹೋಯಿತು. ಇಡೀ ಋತುವಿನಲ್ಲಿ ಗಣಿಯೂರಿನ ಪಕ್ಷ ವಹಿಸಿದ್ದ ನಾನು ಅಂದು ಮಾತ್ರ ನಾಟ್ಸ್ ಕೌಂಟಿಯ ಕಡೆಗಿದ್ದೆ. 4-3ರಿಂದ ಅವರೇ ಗೆದ್ದರು.

ನಮಸ್ಕಾರ.