ಸ್ಕಾಲಾ–ಜಾವಾ ಗಡಿಯಲ್ಲಿ ಪಟ್ಟಿಗಳೂ ಅಂಕಿಗಳೂ

ಎಲ್ಲರಿಗೂ ನಮಸ್ಕಾರ.

ಸ್ಕಾಲಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ ಮಾರ್ಟಿನ್ ಒಡೆರ್ಸ್ಕಿ ಜಾವಾಕ್ಕೆ ಹೊರಗಿನವರೇನಲ್ಲ. 2004ರಲ್ಲಿ ಜಾವಾ 5ರ ಜೊತೆ ಬಂದ, ಪಟ್ಟಿಯಲ್ಲಿ ಯಾವ ಟೈಪಿನ ವಸ್ತು ಇರಬೇಕೆಂದು ಮೊದಲೇ ಹೇಳಲು ಬಿಡುವ ಜೆನೆರಿಕ್ಸ್‌ಗೆ ಬುನಾದಿಯಾದದ್ದು ಜಿಜೆ ಎಂಬ ವಿನ್ಯಾಸ. ಅದನ್ನು ರೂಪಿಸಿದವರಲ್ಲಿ ಫಿಲಿಪ್ ವಾಡ್ಲರ್ ಮುಂತಾದವರ ಜೊತೆ ಅವರೂ ಇದ್ದರು. ಎರಡೂ ಭಾಷೆಗಳು ಓಡುವುದು ಒಂದೇ ಜೆವಿಎಂ (ಜಾವಾ ವರ್ಚುವಲ್ ಮಷೀನ್) ಮೇಲೆ. ಹಾಗಾಗಿ ಸ್ಕಾಲಾದಿಂದ ಜಾವಾ ಲೈಬ್ರರಿಯನ್ನು ಕರೆಯುವುದು ಕಷ್ಟವೇ ಅಲ್ಲ. ಕೋಡ್ ಕಂಪೈಲ್ ಆಗುತ್ತದೆ, ಕರೆ ಹೋಗುತ್ತದೆ, ಉತ್ತರವೂ ಬರುತ್ತದೆ. ಬಂದ ಉತ್ತರ ಸರಿಯೇ ಎಂಬುದಷ್ಟೇ ಇವತ್ತಿನ ನನ್ನ ತಕರಾರು.

ಮೊದಲು ಪಟ್ಟಿ, ಮ್ಯಾಪ್ ಮುಂತಾದ ಕಲೆಕ್ಷನ್‌ಗಳನ್ನು ನೋಡೋಣ. ಸಂದೇಶಗಳನ್ನು ಸಾಗಿಸುವ ಕಾಫ್ಕಾ ಎಂಬ ವ್ಯವಸ್ಥೆಯಲ್ಲಿ ಅವನ್ನು ಓದುವ ಕನ್ಸ್ಯೂಮರ್ ಕ್ಲೈಂಟ್ ಜಾವಾದ್ದು. ಯಾವ ಟಾಪಿಕ್‌ಗಳನ್ನು ಓದಬೇಕು ಅಂತ ಹೇಳಲು ಅದಕ್ಕೆ ಜಾವಾ ಕಲೆಕ್ಷನ್ನೇ ಬೇಕು. ನಾವು ಸ್ಕಾಲಾ ಲಿಸ್ಟ್ ಬರೆದು ಕೊನೆಗೊಂದು ಆಸ್‌ಜಾವಾ ಅಂಟಿಸುತ್ತೇವೆ. ಅಲ್ಲಿಂದ ರೆಕಾರ್ಡುಗಳು ವಾಪಸ್ ಬಂದಾಗ ಆಸ್‌ಸ್ಕಾಲಾ. ಇದಕ್ಕೆ ಪರಿವರ್ತನೆ ಅಂತ ಹೆಸರಿಟ್ಟಿದ್ದೇವೆ, ಆದರೆ ಇಲ್ಲಿ ಯಾವುದೂ ಪರಿವರ್ತನೆ ಆಗುವುದಿಲ್ಲ. ಒಂದು ಎಲಿಮೆಂಟ್ ಕೂಡ ಕಾಪಿ ಆಗುವುದಿಲ್ಲ. ಹಳೆಯ ವಸ್ತುವಿನ ಮೇಲೆ ಒಂದು ತೆಳು ಹೊದಿಕೆ ಬೀಳುತ್ತದೆ, ಅಷ್ಟೆ. ಒಂದೇ ಕೋಣೆಗೆ ಎರಡು ಬಾಗಿಲು ಇಟ್ಟ ಹಾಗೆ: ಆ ಬಾಗಿಲಿಂದ ಒಳಬಂದವರು ಕುರ್ಚಿ ಎತ್ತಿಕೊಂಡು ಹೋದರೆ ಈ ಬಾಗಿಲಲ್ಲಿ ನಿಂತವರಿಗೂ ಕುರ್ಚಿ ಇಲ್ಲ.

ಜಾವಾದ ಅರೇಲಿಸ್ಟ್‌ಗೆ ಆಸ್‌ಸ್ಕಾಲಾ ಹಚ್ಚಿದರೆ ಕೈಗೆ ಸಿಗುವುದು ಮ್ಯೂಟಬಲ್, ಅಂದರೆ ಬದಲಾಯಿಸಬಹುದಾದ, ಬಫರ್. ಜಾವಾ ಕಡೆಯವರು ಆಮೇಲೆ ಅದಕ್ಕೆ ಏನಾದರೂ ಸೇರಿಸಿದರೆ ನಿಮ್ಮ ಬಫರೂ ಬೆಳೆಯುತ್ತದೆ. ತಿರುಗಾಮುರುಗಾ ಮಾಡಿ ಸ್ಕಾಲಾದ ಇಮ್ಯೂಟಬಲ್ (ಬದಲಾಯಿಸಲಾಗದ) ಲಿಸ್ಟನ್ನು ಜಾವಾಕ್ಕೆ ಕೊಡಿ. ಟೈಪ್ ನೋಡಿದರೆ ಸಾಕ್ಷಾತ್ ಜಾವಾ ಲಿಸ್ಟ್. ಆ್ಯಡ್ ಕರೆದ ಕ್ಷಣ ಅನ್‌ಸಪೋರ್ಟೆಡ್ ಆಪರೇಷನ್ ಎಕ್ಸೆಪ್ಷನ್ ಎಂಬ ಎರರ್.

ಇದಕ್ಕಿಂತ ಮೆತ್ತಗೆ ಕಾಡುವ ಇನ್ನೊಂದಿದೆ. ಸ್ಕಾಲಾದ ಲಿಸ್ಟ್ ಕೊಂಡಿಗಳ ಸರಪಳಿ. ಅದರ ಐವತ್ತನೇ ಎಲಿಮೆಂಟ್ ಬೇಕೆಂದರೆ ಹಿಂದಿನದನ್ನೆಲ್ಲ ದಾಟಿಕೊಂಡೇ ಹೋಗಬೇಕು. ಹೊದಿಕೆ ಇದನ್ನು ಮುಚ್ಚಿಡುತ್ತದೆ, ಬದಲಿಸುವುದಿಲ್ಲ. 1 ಲಕ್ಷ ಎಲಿಮೆಂಟಿನ ಇಂಥ ಲಿಸ್ಟನ್ನು ಜಾವಾ ಲೈಬ್ರರಿಯೊಂದು ಇಂಡೆಕ್ಸ್ ಹಿಡಿದು ಗೆಟ್ ಗೆಟ್ ಅಂತ ಓದುತ್ತಾ ಹೋದರೆ ಸುಮಾರು 500 ಕೋಟಿ ಕೊಂಡಿ ದಾಟಬೇಕಾಗುತ್ತದೆ. ಲೂಪಿನ ಪ್ರತಿ ಸುತ್ತಿನಲ್ಲೂ ಸೈಜ್ ಕೇಳುವ ಚಾಳಿ ಇದ್ದರೆ ಅದರ ಮೇಲೆ ಇನ್ನೊಂದು 1000 ಕೋಟಿ, ಯಾಕೆಂದರೆ ಲಿಸ್ಟ್ ತನ್ನ ಉದ್ದವನ್ನೂ ಎಣಿಸಿಯೇ ಹೇಳುವುದು. ಒಂದೊಂದನ್ನೇ ಸಾಲಾಗಿ ಕೊಡುವ ಇಟರೇಟರ್ ಬಳಸಿದರೆ ಈ ರಗಳೆ ಇಲ್ಲ. ಆದರೆ ಆ ಲೈಬ್ರರಿ ಒಳಗೆ ಯಾವುದನ್ನು ಬಳಸುತ್ತದೆ ಅಂತ ನಿಮಗೆ ಗೊತ್ತಿರುವುದಿಲ್ಲವಲ್ಲ. ಹಾಗಾಗಿ ಗಡಿ ದಾಟಿಸುವ ಮೊದಲು ಯಾವ ಎಲಿಮೆಂಟನ್ನಾದರೂ ಬೇಗ ಕೊಡುವ ವೆಕ್ಟರ್ ಮಾಡಿಕೊಳ್ಳುವುದು ನನ್ನ ಅಭ್ಯಾಸ.

ಹೊದಿಕೆ ಒಂದೇ ಪದರ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲಿಸ್ಟಿನೊಳಗೆ ಲಿಸ್ಟ್ ಇದ್ದರೆ ಹೊರಗಿನದು ಮಾತ್ರ ಜಾವಾ ಆಗುತ್ತದೆ, ಒಳಗಿನದು ಸ್ಕಾಲಾ ಆಗಿಯೇ ಉಳಿಯುತ್ತದೆ.

ಈಗ ಅಂಕಿಗಳಿಗೆ ಬರೋಣ. ನನಗೆ ನಿಜವಾದ ಭಯ ಇರುವುದು ಇಲ್ಲಿ. ಸ್ಕಾಲಾದ ಇಂಟ್ ಒಂಟಿಯಾಗಿದ್ದಾಗ ಜೆವಿಎಂನ 32 ಬಿಟ್ ಇಂಟೇ. ಕಲೆಕ್ಷನ್ ಒಳಗೆ ಹೋದರೆ ಮಾತ್ರ ಇಂಟಿಜರ್ ಎಂಬ ಡಬ್ಬಿಯೊಳಗೆ ಕೂರಬೇಕು. ಡಬ್ಬಿ ಅಂದಮೇಲೆ ಅದು ನಲ್ (ಏನೂ ಇಲ್ಲ) ಕೂಡ ಆಗಬಹುದು. ಒಂದು ಜಾವಾ ಹ್ಯಾಶ್‌ಮ್ಯಾಪ್ ತೆಗೆದುಕೊಳ್ಳಿ: ಊರಿನ ಹೆಸರು ಕೀ, ಅಲ್ಲಿ ಬಂದ ಮಳೆ ಮಿಲಿಮೀಟರಿನಲ್ಲಿ. ಮ್ಯಾಪಿನಲ್ಲಿ ಇಲ್ಲದ ಊರನ್ನು ಜಾವಾದಲ್ಲಿ ಕೇಳಿ ಇಂಟ್ ವೇರಿಯಬಲ್‌ಗೆ ಹಾಕಿದರೆ ನಲ್ ಪಾಯಿಂಟರ್ ಎಕ್ಸೆಪ್ಷನ್ ಬಂದು ಪ್ರೋಗ್ರಾಂ ನಿಲ್ಲುತ್ತದೆ. ಅದೇ ಹ್ಯಾಶ್‌ಮ್ಯಾಪನ್ನು ಸ್ಕಾಲಾದಲ್ಲಿ ಸ್ಟ್ರಿಂಗ್‌ನಿಂದ ಇಂಟ್‌ಗೆ ಅಂತ ಟೈಪ್ ಕೊಟ್ಟು ಕೇಳಿ. ಉತ್ತರ 0. ದೂರಿಲ್ಲ, ಎಚ್ಚರಿಕೆಯಿಲ್ಲ. ನಲ್ ಅನ್ನು ಇಂಟ್ ಆಗಿ ಬಿಚ್ಚಿದರೆ ಸೊನ್ನೆ ಎಂಬುದು ಸ್ಕಾಲಾದ ನಿಯಮ. ಅಳತೆಯೇ ಇಲ್ಲದ ಊರೂ ಮಳೆಯೇ ಬಾರದ ಊರೂ ಒಂದೇ ಆಗಿಹೋದವು. ಇದನ್ನು ಹಿಡಿದು ಸರಾಸರಿ ತೆಗೆಯುತ್ತೀರಿ, ಗ್ರಾಫ್ ಹಾಕುತ್ತೀರಿ, ಮೇಲಿನವರಿಗೆ ಕಳಿಸುತ್ತೀರಿ. ಸ್ಕಾಲಾ ಪಕ್ಷದವನೇ ಆದರೂ ಈ ವಿಷಯದಲ್ಲಿ ನಾನು ಜಾವಾ ಕಡೆ: ಸುಳ್ಳು ಹೇಳುವುದಕ್ಕಿಂತ ಬೀಳುವುದೇ ಲೇಸು.

ಆಸ್‌ಸ್ಕಾಲಾ ಹಚ್ಚಿ ಆಮೇಲೆ ಗೆಟ್ ಕರೆದರೆ ಆಪ್ಷನ್ ಸಿಗುತ್ತದೆ: ಬೆಲೆ ಇದ್ದರೆ ಸಮ್ (Some), ಇಲ್ಲದಿದ್ದರೆ ನನ್ (None). ಇಲ್ಲದ ಊರಿಗೆ ನನ್ ಬರುತ್ತದೆ, ಚೆನ್ನಾಗಿದೆ. ಆದರೆ ಊರು ಇದ್ದು ಅದರ ಎದುರು ಯಾರೋ ನಲ್ ತುಂಬಿಟ್ಟಿದ್ದರೆ? ಆಗ ಸಮ್ ಒಳಗೆ ನಲ್ ಕೂತು ಬರುತ್ತದೆ. ಅದನ್ನು ಇಂಟ್ ಎಂದು ತೆರೆದರೆ ಮತ್ತೆ ಅದೇ ಸೊನ್ನೆ. ಬೆಲೆಯ ಟೈಪನ್ನು ಜಾವಾ ಇಂಟಿಜರ್ ಅಂತಲೇ ಇಟ್ಟುಕೊಂಡು, ಪ್ರತಿಯೊಂದನ್ನೂ ಆಪ್ಷನ್‌ನಲ್ಲಿ ಸುತ್ತಿ, ಆಮೇಲೆ ಇಂಟ್ ಮಾಡಿಕೊಳ್ಳಿ. ಆಪ್ಷನ್‌ಗೆ ನಲ್ ಕೊಟ್ಟರೆ ನನ್ ಆಗುತ್ತದೆ. ಎರಡು ಸಾಲು ಜಾಸ್ತಿ ಬರೆಯಬೇಕು, ಬರೆಯಿರಿ.

ದುಡ್ಡಿನ ಲೆಕ್ಕದವರಿಗೆ ದಶಮಾಂಶಗಳನ್ನು ನಿಖರವಾಗಿ ಇಡುವ ಬಿಗ್‌ಡೆಸಿಮಲ್. ಸ್ಕಾಲಾದ್ದು ಜಾವಾದ್ದನ್ನೇ ಒಳಗಿಟ್ಟುಕೊಂಡಿದೆ, ಸ್ವಭಾವ ಮಾತ್ರ ಬೇರೆ. ಜಾವಾದಲ್ಲಿ ನ್ಯೂ ಹಾಕಿ 0.1 ಎಂಬ ಡಬಲ್ (ಅಂದಾಜಾಗಿ ಇಡುವ ದಶಮಾಂಶ ಸಂಖ್ಯೆ) ಕೊಟ್ಟರೆ 0.1000000000000000055511 ಅಂತ ಬಾಲ ಬೆಳೆಯುತ್ತಾ ಹೋಗುತ್ತದೆ, ಸ್ಕಾಲಾದಲ್ಲಿ ಬಿಗ್‌ಡೆಸಿಮಲ್‌ಗೆ ಅದೇ ಡಬಲ್ ಕೊಟ್ಟರೆ 0.1 ಅಷ್ಟೇ. 2.0 ಮತ್ತು 2.00 ಸಮವೇ ಎಂದು ಈಕ್ವಲ್ಸ್ ಮೂಲಕ ಕೇಳಿದರೆ ಜಾವಾ ಅಲ್ಲ ಅನ್ನುತ್ತದೆ, ಸ್ಕಾಲಾ ಹೌದು ಅನ್ನುತ್ತದೆ. ಪರಿಣಾಮವಾಗಿ ಇವೆರಡು ಬೆಲೆಗಳು ಸ್ಕಾಲಾ ಸೆಟ್‌ನಲ್ಲಿ ಒಂದು, ಜಾವಾದ ಹ್ಯಾಶ್‌ಸೆಟ್‌ನಲ್ಲಿ ಎರಡು. ಬೆಲೆಪಟ್ಟಿಯಲ್ಲಿ ನಕಲು ತೆಗೆಯುವ ಕೆಲಸವನ್ನು ಗಡಿಯ ಯಾವ ಕಡೆ ಮಾಡಿದಿರಿ ಎನ್ನುವುದರ ಮೇಲೆ ಲೆಕ್ಕವೇ ಬದಲಾಗುತ್ತದೆ.

ಹಳೆಯ ಸ್ಕಾಲಾದಲ್ಲಿ ಜಾವಾಕನ್ವರ್ಷನ್ಸ್ ಅಂತ ಒಂದಿತ್ತು. ಇಂಪೋರ್ಟ್ ಮಾಡಿದರೆ ಸಾಕು, ಹೊದಿಕೆ ತಾನಾಗಿ ಬೀಳುತ್ತಿತ್ತು, ಕೋಡಿನಲ್ಲಿ ಕುರುಹೇ ಇರುತ್ತಿರಲಿಲ್ಲ. ಓದುವವರಿಗೆ ಗಡಿ ಎಲ್ಲಿದೆ ಅಂತಲೇ ತಿಳಿಯುತ್ತಿರಲಿಲ್ಲ. 2.12ರಲ್ಲಿ ಅದನ್ನು ಬಳಸಬೇಡಿ ಅಂದರು, 2019ರ 2.13ರಲ್ಲಿ ಕಿತ್ತೇ ಹಾಕಿದರು. ಒಳ್ಳೆಯದೇ ಆಯಿತು. ಅದೇ 2.13ರಲ್ಲಿ ಬರೀ ಸೀಕ್ (ಸಾಲು ಪಟ್ಟಿಗಳ ಸಾಮಾನ್ಯ ಟೈಪ್) ಅಂದರೆ ಇಮ್ಯೂಟಬಲ್ ಸೀಕ್ ಎಂದಾಯಿತು. ಅಲ್ಲಿಯವರೆಗೆ ಜಾವಾದಿಂದ ಬಂದ ಬಫರ್ ಸೀಕ್ ವೇಷದಲ್ಲಿ ಎಲ್ಲಿ ಬೇಕಾದರೂ ನುಸುಳುತ್ತಿತ್ತು. ಈಗ ಕಂಪೈಲರ್ ತಡೆಯುತ್ತದೆ, ಟುಲಿಸ್ಟ್ ಬರೆದು ಕಾಪಿ ಮಾಡಿಕೊಂಡೇ ಮುಂದೆ ಹೋಗಬೇಕು. ಇನ್ನೂ 2.12ರಲ್ಲಿರುವ ಪ್ರಾಜೆಕ್ಟ್ ನಿಮ್ಮ ಹತ್ತಿರ ಇದ್ದರೆ ಒಂದು ಬ್ರ್ಯಾಂಚ್ ತೆಗೆದು ವರ್ಷನ್ ಏರಿಸಿ ಕಂಪೈಲ್ ಮಾಡಿ ನೋಡಿ. ಬರುವ ಎರರ್‌ಗಳಲ್ಲಿ ಈ ಜಾತಿಯವನ್ನು ಆರಿಸಿ, ಒಂದೊಂದರ ಹತ್ತಿರವೂ ಆ ಜಾವಾ ಲಿಸ್ಟನ್ನು ಆಚೆ ಕಡೆ ಇನ್ನೂ ಯಾರು ಹಿಡಿದುಕೊಂಡಿದ್ದಾರೆ ಅಂತ ಹುಡುಕಿ. ಸೊನ್ನೆಯ ವಿಷಯದಲ್ಲಿ ಈ ನೆರವು ಸಿಗುವುದಿಲ್ಲ, ಅದಕ್ಕೆ ಕಂಪೈಲರ್ ಇವತ್ತಿಗೂ ಬಾಯಿ ಬಿಡುವುದಿಲ್ಲ. ಅಲ್ಲಿ ಕೋಡಿನಲ್ಲಿ ಪದ ಹುಡುಕುವ ಗ್ರೆಪ್ಪೇ ಗತಿ.

ಪ್ರಶ್ನೆಗಳಿದ್ದರೆ ಕೇಳಿ.